ದಿವಾನರಿಗೆ ಪಾಠ ಹೇಳಿದ ಗುಮಾಸ್ತ

ಒಬ್ಬ ದೊಡ್ಡ ಬ್ರಿಟಿಷ್ ಸಿನಿಮಾ ನಟನ ಬಗ್ಗೆ ಬರೆಯಲು ಕೂತಿದ್ದೇನೆ. ಆದರೆ ಅವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಸತ್ತವರ ಬಗ್ಗೆ ಕೆಟ್ಟ ಮಾತು ಬೇಡವೆಂಬ ಸೌಜನ್ಯ ಎಂದುಕೊಂಡೀರಿ, ಅಂಥದ್ದೇನಿಲ್ಲ. ಇದು ಅಪ್ಪಟ ಹೊಟ್ಟೆಯುರಿ. ಕಪ್ಪು-ಬಿಳುಪು ಕಾಲದ ಇಂಗ್ಲಿಷ್ ಚಿತ್ರಗಳನ್ನು ನೋಡಿದವರಾದರೆ ನೀವು ಅವನನ್ನು ನೋಡಿಯೇ ಇರುತ್ತೀರಿ. ಉದ್ದನೆಯ ಮೂಗು, ಸದಾ ಅರ್ಧ ನಿದ್ದೆಯಲ್ಲಿರುವಂಥ ಕಣ್ಣು, ಹಡಗು ಮುಳುಗುತ್ತಿದ್ದರೂ ಏರದ ದನಿ. ಹೌದ್ಹೌದು, ಹೆಸರು ನಾಲಿಗೆಯ ತುದಿಯಲ್ಲಿದೆ ಎನ್ನುತ್ತೀರಾ? ಅಲ್ಲೇ ಇರಲಿ ಬಿಡಿ. ನನ್ನಪ್ಪನಿಗಿಂತ ಎಂಟು-ಹತ್ತು ವರ್ಷ ದೊಡ್ಡವನು. ಆದರೂ ಏಕವಚನದಲ್ಲೇ ಕರೆಯುತ್ತಿದ್ದೇನೆ. ಅಪ್ಪ ಇವತ್ತಿಗೂ ಅವನನ್ನು "ಅವರು" ಎಂದೇ ಹೇಳುವುದು. ನಮ್ಮ ಮನೆಯಲ್ಲಿ ಮರ್ಯಾದೆಯೆಲ್ಲ ಅಪ್ಪನ ಪಾಲಿಗೆ ಹೋಗಿ, ಸಿಟ್ಟು ನನ್ನ ಪಾಲಿಗೆ ಉಳಿದಿದೆ.

ಅವನ ಜೀವನಚರಿತ್ರೆ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಮಿಲ್ಲಿನ ಊರಿನಲ್ಲಿ ಬಟ್ಟೆ ಅಂಗಡಿಯವನ ಮಗ. ಅಂಗಡಿಯಲ್ಲಿ ಕೂರಲಾರೆ ಎಂದು ಊರೂರು ತಿರುಗುವ ನಾಟಕದ ಕಂಪನಿ ಸೇರಿದ. ಮೊದಲ ಎರಡು ವರ್ಷ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ಆಮೇಲೆ ಯುದ್ಧ ಬಂತು. ಯುದ್ಧದಲ್ಲಿ ಅವನು ಸಾಧಾರಣ ಸಿಪಾಯಿ. ಯುದ್ಧ ಮುಗಿದು ಸಿನಿಮಾಕ್ಕೆ ಬಂದ ಮೇಲೆ ನೇರವಾಗಿ ಕರ್ನಲ್ ಆದ. ಅವನದು ನಾಯಕನ ಮುಖವಲ್ಲ, ನಾಯಕನಿಗೆ ರಜೆ ಮಂಜೂರು ಮಾಡದ ಮೇಲಧಿಕಾರಿಯ ಮುಖ. ಹಾಗಾಗಿ ಕರ್ನಲ್, ಜಡ್ಜ್, ಬಿಷಪ್ ಎಂದು ಒಂದಾದ ಮೇಲೊಂದು ಪಾತ್ರ. ಬಟ್ಲರನ ಪಾತ್ರ ಮಾಡಿದಾಗಲೂ ಮನೆಯ ಯಜಮಾನನೇ ಇವನ ಹತ್ತಿರ ಕೆಲಸಕ್ಕಿರುವಂತೆ ಕಾಣುತ್ತಿತ್ತು. ಒಳ್ಳೆಯ ನಟ ಎನ್ನುತ್ತಿದ್ದರು ಜನ. ಮಹಾನಟ ಎನ್ನಲು ಶುರುಮಾಡಿದ್ದು ಒಂದೇ ಒಂದು ಚಿತ್ರದಿಂದ. ಆ ಚಿತ್ರದಲ್ಲಿ ಅವನು ನಮ್ಮ ಕಡೆಯ ಒಂದು ಸಂಸ್ಥಾನದ ದಿವಾನ. ಚಿತ್ರೀಕರಣ ನಡೆದದ್ದು ಮೈಸೂರಿನಲ್ಲಿ. ಅವನಿಗೆ ದಿವಾನನಾಗುವುದನ್ನು ಕಲಿಸಿದ್ದು ನನ್ನ ಅಪ್ಪ.

ಈ ಕೊನೆಯ ವಾಕ್ಯ ಓದಿ ನಿಮ್ಮ ತುಟಿಯಂಚಿನಲ್ಲಿ ನಗು ಬಂದಿದ್ದರೆ ನೀವೂ ನಮ್ಮ ಬಂಧುಬಳಗದವರೇ. ಅವರೂ ನಲವತ್ತು ವರ್ಷ ಹಾಗೇ ನಕ್ಕರು.

ಅಪ್ಪನಿಗೆ ಆಗ ಇಪ್ಪತ್ತನಾಲ್ಕು. ಸಿನಿಮಾದವರು ಇಳಿದುಕೊಂಡಿದ್ದ ಹೋಟೆಲಿನಲ್ಲಿ ಗುಮಾಸ್ತ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಕಚ್ಚೆಪಂಚೆ ಉಡಲೂ ಬರುತ್ತಿತ್ತು. ಈ ಎರಡೂ ಗೊತ್ತಿದ್ದವರು ಆ ಹೋಟೆಲಿನಲ್ಲಿ ಅಪ್ಪ ಒಬ್ಬರೇ. ಆರು ವಾರ, ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಪಾಠ. ಪಂಚೆ ಕಾಲಿಗೆ ತೊಡರದ ಹಾಗೆ ಮೆಟ್ಟಿಲು ಇಳಿಯುವುದು, ಕೆಳಗೆ ನೋಡದೆ ಚಪ್ಪಲಿ ಬಿಡುವುದು, ಅನ್ನ ಅಂಗೈಗೆ ತಾಕದಂತೆ ಬೆರಳ ತುದಿಯಲ್ಲೇ ಕಲಸುವುದು, ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎನ್ನುವುದು. ಆಗಿನ ಕಾಲದಲ್ಲಿ ಭಾರತೀಯನ ಪಾತ್ರಕ್ಕೆ ಭಾರತೀಯನನ್ನು ಹುಡುಕುವ ಪದ್ಧತಿ ಇರಲಿಲ್ಲ ನೋಡಿ, ಬಿಳಿಯರಿಗೇ ಕಂದು ಬಣ್ಣ ಬಳಿಯುತ್ತಿದ್ದರು. ಮೇಕಪ್ಪಿನವನು ದಿನಾ ಅಪ್ಪನ ತೋಳನ್ನು ನಟನ ಕೆನ್ನೆಯ ಪಕ್ಕ ಹಿಡಿದು ಬಣ್ಣ ಹೊಂದಿಸುತ್ತಿದ್ದನಂತೆ. "ನನ್ನ ಕೈ ಅವರ ಮುಖ ಆಯ್ತು ಕಣೋ" ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಅದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಆ ಚಿತ್ರದ ಪ್ರಾಣವೇ ಕೊನೆಯ ದೃಶ್ಯ. ಮಹಾರಾಜ ತುಂಬಿದ ದರ್ಬಾರಿನಲ್ಲಿ ದಿವಾನನನ್ನು ಕೆಲಸದಿಂದ ಕಿತ್ತುಹಾಕುತ್ತಾನೆ. ದಿವಾನ ಒಂದೂ ಮಾತಾಡುವುದಿಲ್ಲ. ಹೆಗಲ ಮೇಲಿನ ಜರಿಯ ಅಂಗವಸ್ತ್ರವನ್ನು ತೆಗೆದು, ನಿಧಾನವಾಗಿ ನಾಲ್ಕು ಮಡಿಕೆ ಮಾಡಿ, ಎಡಗೈ ಮೇಲೆ ಹಾಕಿಕೊಂಡು ಹೊರಟುಹೋಗುತ್ತಾನೆ. ಅಷ್ಟೇ. ಆ ನಾಲ್ಕು ಮಡಿಕೆಗೆ ವಿಮರ್ಶಕರು ಕಣ್ಣೀರು ಹಾಕಿದರು, ದೊಡ್ಡ ಪ್ರಶಸ್ತಿ ಬಂತು. ಅದು ನನ್ನ ತಾತನದು. ತಾತ ಅರಮನೆಯ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದವರು. ಒಂದು ದಿನ ಮೇಲಿನವರು ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದಾಗ ಅವರು ಮಾಡಿದ್ದು ಇಷ್ಟೇ: ಅಂಗವಸ್ತ್ರ ತೆಗೆದರು, ಮಡಿಸಿದರು, ಮನೆಗೆ ನಡೆದು ಬಂದರು. ಊಟದ ಡಬ್ಬಿ ಕೊಡಲು ಹೋಗಿದ್ದ ಅಪ್ಪ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದರು. ಆ ದೃಶ್ಯಕ್ಕೆ ಏನು ಮಾಡುವುದೆಂದು ನಟ ತಲೆಕೆಡಿಸಿಕೊಂಡಿದ್ದಾಗ, ಹೋಟೆಲಿನ ವರಾಂಡದಲ್ಲಿ ಅಪ್ಪ ಅದನ್ನು ಮಾಡಿ ತೋರಿಸಿದರು.

ಇದನ್ನು ನಮ್ಮ ಕಡೆ ಒಬ್ಬರೂ ನಂಬಲಿಲ್ಲ. ಅಮ್ಮನ ತಮ್ಮ ಶ್ಯಾಮಣ್ಣ ಮಾವನಂತೂ ಯಾವ ಮದುವೆಮನೆಯಲ್ಲಿ ಅಪ್ಪ ಕಂಡರೂ "ಬನ್ನಿ ಬನ್ನಿ, ದಿವಾನರ ಮೇಷ್ಟ್ರು ಬಂದ್ರು, ಪಂಚೆ ಸರಿ ಮಾಡ್ಕೊಳ್ರಪ್ಪಾ" ಎಂದು ಕೂಗಿ, ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಗುವಂತೆ ಮಾಡುತ್ತಿದ್ದ. ಚಿತ್ರದಲ್ಲಿ ಅಪ್ಪನ ಹೆಸರಿಲ್ಲ, ಮುಖವಿಲ್ಲ, ಒಂದು ಫೋಟೋ ಇಲ್ಲ. ನಿಜ ಎಂದು ಹೇಳಬಲ್ಲವನು ಇಡೀ ಪ್ರಪಂಚದಲ್ಲಿ ಒಬ್ಬನೇ, ಅವನು ಲಂಡನ್ನಿನಲ್ಲಿದ್ದ. ಸತ್ಯ ಹೇಳಬೇಕೆಂದರೆ ನನಗೂ ಅರ್ಧ ನಂಬಿಕೆ, ಅರ್ಧ ಅನುಮಾನ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನುತ್ತಿರಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಅದೇನೂ ಹೆಮ್ಮೆಯ ವಿಷಯವಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ದುಬೈಗೆ ಬಂದೆ. ಬ್ರಿಟಿಷರ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ಹೆದರಬೇಡಿ. ಕಟ್ಟಡಗಳ ನಕ್ಷೆಗಳಿಗೆ ನಂಬರು ಹಾಕಿ ಕಪಾಟಿನಲ್ಲಿ ಇಡುವುದು, ಕೇಳಿದಾಗ ತೆಗೆದುಕೊಡುವುದು. ಆದರೆ ಅಲ್ಲಿ ನನ್ನ ನಿಜವಾದ ಕೆಲಸ ನಗುವುದು. ಗಲ್ಫಿನ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮ್ಯಾನೇಜರ್ ಮಿಸ್ಟರ್ ಪ್ರೈಸ್ ಒಳ್ಳೆಯ ಮನುಷ್ಯ, ಮಾತುಮಾತಿಗೂ ಜೋಕು. ನಮ್ಮ ಲೆಕ್ಕಪತ್ರದ ಮಲಯಾಳಿ ಕುರಿಯನ್ ಎಲ್ಲರೂ ನಕ್ಕಾದ ಮೇಲೆ ನಗುತ್ತಿದ್ದ. ಲೆಬನಾನಿನ ಇಂಜಿನಿಯರ್ ನಗುತ್ತಲೇ ಇರಲಿಲ್ಲ, ಅವನ ಹತ್ತಿರ ಕೆನಡಾದ ಪಾಸ್‌ಪೋರ್ಟ್ ಇತ್ತು. ನಾನು ಮಾತ್ರ ಜೋಕು ಮುಗಿಯುವ ಮುಂಚೆಯೇ, ಇಂಗ್ಲಿಷರಿಗಿಂತ ಒಂದು ಗಳಿಗೆ ಮೊದಲೇ ನಗುತ್ತಿದ್ದೆ. ಅರ್ಥವಾಯಿತೋ ಇಲ್ಲವೋ ಅದು ಆಮೇಲಿನ ಮಾತು. ದನಿ ಎಲ್ಲಿ ಇಳಿಯುತ್ತದೆ, ಹುಬ್ಬು ಎಲ್ಲಿ ಏರುತ್ತದೆ ಎಂದು ನೋಡಿಕೊಂಡರೆ ಸಾಕು, ನಗೆ ತಾನಾಗಿ ಹೊರಡುತ್ತಿತ್ತು. "ಬ್ರಿಟಿಷ್ ಹ್ಯೂಮರ್ ಅರ್ಥವಾಗುವ ಏಕೈಕ ಇಂಡಿಯನ್" ಎಂದು ಮಿಸ್ಟರ್ ಪ್ರೈಸ್ ಹೊಸದಾಗಿ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದರು. ನಾನು ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು "ಅದಕ್ಕೇನು ಕೊಡ್ತಾರಂತೆ?" ಎಂದು ಕೇಳುತ್ತಿದ್ದಳು.

ಅಪ್ಪನ ಕಥೆಯನ್ನೂ ನಾನು ಮಿಸ್ಟರ್ ಪ್ರೈಸ್‌ಗೆ ಹೇಳಿದ್ದೆ, ಒಂದಲ್ಲ ಹತ್ತು ಸಲ. ಊರಲ್ಲಿ ಅರ್ಧ ನಂಬದವನು ಇಲ್ಲಿ ಪೂರ್ತಿ ನಂಬಿದವನ ಹಾಗೆ ಕೊಚ್ಚಿಕೊಳ್ಳುತ್ತಿದ್ದೆ. ಹೊರದೇಶದಲ್ಲಿ ನಮ್ಮ ಹತ್ತಿರ ಇರುವುದನ್ನೆಲ್ಲ ಮಾರಾಟಕ್ಕೆ ಇಟ್ಟುಬಿಡುತ್ತೇವೆ ನೋಡಿ, ಅಪ್ಪನನ್ನೂ ಇಟ್ಟೆ.

ಆಗ ದುಬೈಯ ದೊಡ್ಡ ಹೋಟೆಲುಗಳು ಲಂಡನ್ನಿನಲ್ಲಿ ವಯಸ್ಸಾದ ನಟರನ್ನು ಕರೆಸಿ, ಊಟದ ಜೊತೆ ಅವರ ಕಾರ್ಯಕ್ರಮ ಇಡುತ್ತಿದ್ದವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ಪೇಪರಿನಲ್ಲಿ ಅವನ ಮುಖ ಬಂತು. ಒಂದು ಶುಕ್ರವಾರ ಮಧ್ಯಾಹ್ನ, ಊಟದ ಜೊತೆ, ಅವನೇ ತನ್ನ ಬದುಕಿನ ಕಥೆ ಹೇಳುತ್ತಾನಂತೆ. ಎಪ್ಪತ್ತೆಂಟರ ಮುದುಕ. ಕರ್ನಲ್, ಜಡ್ಜ್, ದಿವಾನ ಎಲ್ಲ ಆಗಿ ಮುಗಿದ ಮೇಲೆ, ಟೀವಿಯಲ್ಲಿ ಬಿಸ್ಕತ್ತಿನ ಜಾಹೀರಾತೂ ಆದ ಮೇಲೆ, ಕೊನೆಗೆ ಅವನೂ ನಮ್ಮ ಹಾಗೆ ಗಲ್ಫಿಗೇ ಬಂದ. ತಮಾಷೆಯೆಂದರೆ ಅದೇ ವಾರ ಅಪ್ಪನೂ ನಮ್ಮ ಮನೆಗೆ ಬಂದಿದ್ದರು. ಅಮ್ಮ ಹೋದ ಮೇಲೆ ಅಪ್ಪನ ಮೊದಲ ಪ್ರಯಾಣ. ಮಹಾನಟನದೂ ಅಪ್ಪನದೂ ಒಂದೇ ತರಹದ ವಿಸಿಟ್ ವೀಸಾ.

ಮಿಸ್ಟರ್ ಪ್ರೈಸ್ ಜಾಹೀರಾತನ್ನು ಕತ್ತರಿಸಿ ನನ್ನ ಮೇಜಿನ ಮೇಲೆ ತಂದಿಟ್ಟರು. ಆಫೀಸಿನ ಲೆಕ್ಕದಲ್ಲಿ ಒಂದು ಇಡೀ ಟೇಬಲ್ ತೆಗೆದಿದ್ದರು. "ನಿನ್ನಪ್ಪನನ್ನು ಕರೆದುಕೊಂಡು ಬಾ. ಗುರು-ಶಿಷ್ಯರ ಭೇಟಿ ನಾವು ನೋಡಲೇಬೇಕು" ಎಂದರು. ಅರ್ಧ ನಂಬಿಕೆಯವನಿಗೆ ಇಂಥ ಸಮಯದಲ್ಲಿ ಆಗುವ ಸಂಕಟ ದೇವರಿಗೇ ಪ್ರೀತಿ. ಅವನು "ಯಾರಪ್ಪ ಇವರು?" ಎಂದುಬಿಟ್ಟರೆ ಅಪ್ಪನ ಗತಿ ಏನು ಎಂದು ಯೋಚಿಸಿದೆನೋ, ಮಿಸ್ಟರ್ ಪ್ರೈಸ್ ಎದುರು ನನ್ನ ಗತಿ ಏನು ಎಂದೋ, ಈಗ ಹೇಳಲಾರೆ.

ಅಪ್ಪ ಮೊದಲು ಬೇಡ ಅಂದರು. ಆಮೇಲೆ ಮೂರು ದಿನ ಅದೇ ಧ್ಯಾನ. ಮೈಸೂರಿನಿಂದ ತಂದ ಕೋಟನ್ನು ತಾವೇ ಇಸ್ತ್ರಿ ಮಾಡಿದರು. ನನ್ನ ಮಗಳು ಶ್ರುತಿ "ತಾತಾ, ವಿಲ್ ಹೀ ರೆಕಗ್ನೈಸ್ ಯೂ?" ಎಂದು ಕೇಳಿದಾಗ ಅಪ್ಪ, "ಗುರುತು ಸಿಕ್ಕದಿದ್ರೂ ಪರವಾಗಿಲ್ಲ ಪುಟ್ಟಿ. ಮೈಸೂರಲ್ಲಿ ನನಗೊಬ್ಬ ಹೇಳಿಕೊಟ್ಟ ಅಂತ ಅವರ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು. ನಾನು ಸುಳ್ಳು ಹೇಳಿದೋನಲ್ಲ ಅಂತ ನಿಮ್ಮಪ್ಪನಿಗೆ ಗೊತ್ತಾಗ್ಲಿ" ಎಂದರು. ನಾನು ಪಕ್ಕದ ಕೋಣೆಯಲ್ಲಿ ಶೂ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಕರಾಮ ಬಡಾವಣೆಯ ನಮ್ಮ ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತ್ತು. ಹೊರಡುವಾಗ ಎದುರು ಫ್ಲ್ಯಾಟಿನ ಉಡುಪಿಯ ಬಬಿತಕ್ಕ ಬಾಗಿಲಿಗೇ ಬಂದು ನಿಂತಿದ್ದರು. "ಅಂಕಲ್, ಎಂಥ ಚಂದ ಕಾಣ್ತೀರಿ ಮಾರಾಯ್ರೇ! ಬಂದು ಎಲ್ಲ ಹೇಳ್ಬೇಕು ಹಾಂ" ಎಂದರು.

ಹೋಟೆಲಿನಲ್ಲಿ ದುಂಡು ಮೇಜುಗಳು, ಬಿಳಿಯ ಬಟ್ಟೆ, ನೂರಿನ್ನೂರು ಜನ, ಬಹುಪಾಲು ಇಂಗ್ಲಿಷರು. ಅಪ್ಪನಿಗೆ ಸಸ್ಯಾಹಾರವೆಂದು ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್ಟು, ಒಂದು ಬನ್ನು ಬಂತು. ವೇದಿಕೆಯ ಮೇಲೆ ಒಂದು ಆರಾಮಕುರ್ಚಿ, ದೀಪ, ಹಿಂದೆ ಪರದೆ. ಅವನು ಕೋಲೂರಿಕೊಂಡು ಬಂದ. ಮೈ ಸೊರಗಿತ್ತು, ದನಿ ಮಾತ್ರ ಹಾಗೇ ಇತ್ತು. ಹೊಟ್ಟೆಯುರಿ ಪಕ್ಕಕ್ಕಿಟ್ಟು ಹೇಳುತ್ತೇನೆ, ಮೊದಲ ಮುಕ್ಕಾಲು ಗಂಟೆ ಅಮೋಘ. ಬಟ್ಟೆ ಅಂಗಡಿಯ ಅಪ್ಪ ಗಿರಾಕಿಗಳ ಸೊಂಟವನ್ನು ಕಣ್ಣಲ್ಲೇ ಅಳೆಯುತ್ತಿದ್ದುದು, ಎತ್ತಿಕೊಟ್ಟ ಮಾತನ್ನು ತಪ್ಪಾಗಿ ಕೇಳಿಸಿಕೊಂಡ ನಟಿ ಬೇರೆಯೇ ನಾಟಕ ಶುರುಮಾಡಿದ್ದು, ಎಲ್ಲ ಹೇಳಿದ. ನಾನು ಸರಿಯಾದ ಜಾಗಗಳಲ್ಲಿ, ಸ್ವಲ್ಪ ಮೊದಲೇ, ನಗುತ್ತಿದ್ದೆ. ಮಿಸ್ಟರ್ ಪ್ರೈಸ್ ನನ್ನತ್ತ ನೋಡಿ ಮೆಚ್ಚಿ ತಲೆಯಾಡಿಸುತ್ತಿದ್ದರು.

ಆಮೇಲೆ ಅವನು "ಮೈಸೂರ್" ಎಂದ. ಅಪ್ಪ ಚಮಚ ಕೆಳಗಿಟ್ಟರು.

"ಮೈಸೂರಿನಲ್ಲಿ ನನಗೊಬ್ಬ ಗುರು ಸಿಕ್ಕಿದ. ಹೋಟೆಲಿನ ಗುಮಾಸ್ತ" ಎಂದ ಅವನು. ಅಪ್ಪ ನನ್ನತ್ತ ತಿರುಗಿ ನೋಡಿದರು. ಆ ನೋಟವನ್ನು ಏನೆಂದು ಹೇಳಲಿ? ಪರೀಕ್ಷೆಯಲ್ಲಿ ಪಾಸಾದ ಹುಡುಗ ಮನೆಗೆ ಬಂದು ಅಪ್ಪನ ಮುಖ ನೋಡುವ ನೋಟ ಅದು. ಇಲ್ಲಿ ಹುಡುಗ ಅರವತ್ತೆಂಟರವನು, ಅಪ್ಪನ ಜಾಗದಲ್ಲಿ ನಾನಿದ್ದೆ. ಹಾಗಾದರೆ ಎಲ್ಲ ನಿಜ! ನನ್ನ ಕಣ್ಣು ತುಂಬಿ ಬಂತು. ಮೇಜಿನ ಕೆಳಗೆ ಅಪ್ಪನ ಮೊಣಕಾಲು ಒತ್ತಿದೆ.

ಅಷ್ಟರಲ್ಲಿ ವೇದಿಕೆಯ ಮೇಲೆ ಅವನು ಕೋಲನ್ನು ಕುರ್ಚಿಗೆ ಒರಗಿಸಿ ಎದ್ದ. ಮೊಣಕಾಲು ಬಗ್ಗಿಸಿ ಕುಳ್ಳಗಾದ. ಸಣ್ಣಗೆ ಎರಡು ಸಲ ಕೆಮ್ಮಿ, ಕೋಟಿನ ಮೇಲಿನ ಗುಂಡಿ ಮುಟ್ಟಿಕೊಂಡ. ಅದು ಅಪ್ಪನೇ! ಇಂಗ್ಲಿಷಿನಲ್ಲಿ ಮಾತಾಡುವ ಮುಂಚೆ ಅಪ್ಪ ಮಾಡುವುದೇ ಹಾಗೆ. ಹೆಸರು ಮರೆತವನು ಆ ಕೆಮ್ಮನ್ನು ನಲವತ್ತು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದ. ಆದರೆ ಆಮೇಲಿನದೆಲ್ಲ ಅಪ್ಪನದಲ್ಲ. ತಲೆಯನ್ನು ಗೊಂಬೆಯ ಹಾಗೆ ಗಡಗಡ ಅಲ್ಲಾಡಿಸಿದ. ಕೈ ಹೊಸೆಯುತ್ತ ಕೀರಲು ದನಿಯಲ್ಲಿ, "ನೋ ಸಾರ್, ನೋ ನೋ ಸಾರ್, ಫಸ್ಟ್ ಚಪ್ಪಲ್ ಸಾರ್, ದೆನ್ ಫೂಟ್ ಸಾರ್" ಎಂದು ಗೋಗರೆದು, ಇಲ್ಲದ ಚಪ್ಪಲಿಯನ್ನು ಎಡವಿ, ಬಿದ್ದ ಹಾಗೆ ಮಾಡಿದ.

ನಾನು ನಕ್ಕೆ.

ಅದು ಅಪ್ಪ ಎಂದು ತಿಳಿಯದೆ ನಕ್ಕೆನೆಂದು ನಿಮಗೆ ಸುಳ್ಳು ಹೇಳಬಹುದಿತ್ತು. ತಿಳಿದಿತ್ತು. ಚೆನ್ನಾಗಿ ತಿಳಿದಿತ್ತು. ಅವನ ದನಿ ಇಳಿಯಿತು, ಹುಬ್ಬು ಏರಿತು, ಏಳೆಂಟು ವರ್ಷದ ಅಭ್ಯಾಸ ಬಾಯಿ ತೆರೆಯಿತು. ಇಡೀ ಸಭೆ ಇನ್ನೂ ಉಸಿರು ಹಿಡಿದಿದ್ದಾಗ ನನ್ನ ನಗು ಒಂದೇ ಕೇಳಿಸಿತು, ಅದರ ಹಿಂದೆ ಉಳಿದವರೆಲ್ಲ ನಕ್ಕರು. ನನ್ನ ಕೈ ಇನ್ನೂ ಅಪ್ಪನ ಮೊಣಕಾಲಿನ ಮೇಲಿತ್ತು. ಅಪ್ಪ ಅದನ್ನು ತಳ್ಳಲಿಲ್ಲ. ತಳ್ಳಿದ್ದರೆ ಚೆನ್ನಾಗಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪರದೆಯ ಮೇಲೆ ಕೊನೆಯ ದೃಶ್ಯ ತೋರಿಸಿದರು. ಅಂಗವಸ್ತ್ರ, ನಾಲ್ಕು ಮಡಿಕೆ. ದೀಪ ಬಂದ ಮೇಲೆ ಅವನು, "ನಿಜ ಹೇಳಲೇ? ಅಲ್ಲಿ ನನಗೆ ಉದ್ದನೆಯ ಮಾತಿತ್ತು, ಮರೆತುಹೋಯಿತು. ಕೈಯಲ್ಲಿ ಏನಾದರೂ ಮಾಡಬೇಕಲ್ಲ, ಬಟ್ಟೆ ಅಂಗಡಿಯವನ ಮಗ, ಬಟ್ಟೆ ಮಡಿಸಿದೆ" ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ತಾತ ಅರಮನೆಯಿಂದ ಮನೆಯವರೆಗೆ ನುಂಗಿಕೊಂಡು ಬಂದ ಅವಮಾನ ಒಂದು ಮಿಲ್ಲಿನ ಊರಿನ ಬಟ್ಟೆ ಅಂಗಡಿಯ ಬಾಬತ್ತಾಗಿಹೋಯಿತು. ಅವನು ಬೇಕೆಂದೇ ಸುಳ್ಳು ಹೇಳಿದನೆಂದು ನನಗನ್ನಿಸುವುದಿಲ್ಲ. ನೂರಾರು ಸಲ ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿರಬೇಕು. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು. ಕಳ್ಳನಾದರೆ ಕದ್ದದ್ದು ಅವನಿಗಾದರೂ ನೆನಪಿರುತ್ತದೆ.

ಮಿಸ್ಟರ್ ಪ್ರೈಸ್‌ಗೆ ಖುಷಿಯೋ ಖುಷಿ. ಅಪ್ಪನ ಬೆನ್ನು ತಟ್ಟಿ, "ಹಾಗಾದರೆ ಆ ಗುಮಾಸ್ತ ನೀವೇ! ಅದ್ಭುತ!" ಎಂದರು. ವ್ಯಂಗ್ಯವಿಲ್ಲ, ಕುಹಕವಿಲ್ಲ, ನಮಗೆ ಒಂದು ದೊಡ್ಡ ಗೌರವ ಸಂದಿತೆಂದೇ ಅವರ ತಿಳಿವಳಿಕೆ. ಮೇಜಿನವರೆಲ್ಲ ಅಪ್ಪನ ಹೆಸರಿನಲ್ಲಿ ಲೋಟ ಎತ್ತಿದರು. ಅಪ್ಪ ನೀರಿನ ಲೋಟ ಎತ್ತಿ "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದರು.

ಕೊನೆಯಲ್ಲಿ ಅವನು ಒಂದು ಮೇಜಿನ ಹಿಂದೆ ಕೂತು ತನ್ನ ಫೋಟೋಗಳಿಗೆ ಸಹಿ ಹಾಕಿ ಕೊಡುತ್ತಿದ್ದ. "ಅಪ್ಪ, ಹೋಗೋಣ ನಡೀರಿ" ಎಂದೆ. ಅಪ್ಪ ಕೇಳಲಿಲ್ಲ, ಮಿಸ್ಟರ್ ಪ್ರೈಸ್ ಪಕ್ಕದ ಮೇಜಿನವರ ಜೊತೆ ಹರಟುತ್ತಿದ್ದಾಗಲೇ ಹೋಗಿ ಸಾಲಿನಲ್ಲಿ ನಿಂತರು. ಹಿಂದೆ ನಾನು ನಿಂತೆ. ಸರದಿ ಬಂದಾಗ ಅವನು ತಲೆಯೆತ್ತಿ, ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದ. ಅಪ್ಪ ಸಣ್ಣಗೆ ಎರಡು ಸಲ ಕೆಮ್ಮಿದರು. ಕೋಟಿನ ಮೇಲಿನ ಗುಂಡಿ ಮುಟ್ಟಿಕೊಂಡರು. ಅರ್ಧ ಗಂಟೆಯ ಹಿಂದೆ ಅದನ್ನೇ ಮಾಡಿ ಚಪ್ಪಾಳೆ ಗಿಟ್ಟಿಸಿದವನು ಅದನ್ನು ನೋಡಿದ, ಏನೂ ಹೊಳೆಯಲಿಲ್ಲ. "ನಂಜುಂಡಯ್ಯ, ಸಾರ್" ಎಂದರು ಅಪ್ಪ. ಹೇಗೆ ಬರೆಯುವುದು ಎಂದು ಅವನು ಕೇಳಿದ. ಅಪ್ಪ ಒಂದೊಂದೇ ಅಕ್ಷರ ಹೇಳಿದರು, ಅವನು ಒಂದೊಂದೇ ಬರೆದುಕೊಂಡ. "ಫ್ರಮ್ ಮೈಸೂರ್, ಸಾರ್" ಎಂದರು. "ಆಹ್, ಲವ್ಲಿ ಪ್ಲೇಸ್" ಎಂದು ನಕ್ಕು, ಅಪ್ಪನ ಭುಜದ ಮೇಲಿಂದ ನನ್ನತ್ತ ನೋಡಿದ. ಮುಂದಿನವನು ನಾನು.

ಇವರೇ ಅವರು ಎಂದು ಹೇಳಲು ನ್ಯಾಯವಾಗಿ ಎರಡು ಕ್ಷಣ ಸಿಕ್ಕಿತ್ತು ನನಗೆ. ಬಾಯಿ ಬರಲಿಲ್ಲ. ನಗಲು ಅಷ್ಟು ಬೇಗ ಬಂದ ಬಾಯಿ ಇದೇ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಾರು ಊರ ನಡುವಿನ ಕ್ರೀಕಿನ ಸೇತುವೆ ದಾಟಿತು. ಕೊನೆಗೆ ನಾನೇ, "ನೀವು ಯಾಕಪ್ಪ ಹೇಳ್ಲಿಲ್ಲ, ಆ ಗುಮಾಸ್ತ ನಾನೇ ಅಂತ?" ಎಂದೆ.

"ಅಷ್ಟು ಜನರ ಎದುರಿಗೆ ಅವರಿಗೆ ನಾಚಿಕೆ ಆಗೋದು ಕಣೋ. ವಯಸ್ಸಾದವರು. ಬಂದ ಊರಲ್ಲಿ ಯಾಕೆ ಮುಖ ಸಣ್ಣಗೆ ಮಾಡೋದು" ಎಂದರು ಅಪ್ಪ. ಹೋಟೆಲಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬಂದವರನ್ನು ನೋಡಿಕೊಳ್ಳುವ ಜವಾಬ್ದಾರಿ ಅವರದೇ ಎಂಬಂತಿತ್ತು ಆ ಮಾತು.

ನಮ್ಮ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಬಬಿತಕ್ಕ ಕಾದು ನಿಂತಿದ್ದರು. "ಎಂತಾಯ್ತು ಅಂಕಲ್? ನಿಮ್ಮ ನೆನಪಿತ್ತಾ ಅವ್ರಿಗೆ?"

"ಇತ್ತಮ್ಮ. ನನ್ನ ವಿಷಯಾನೇ ಹತ್ತು ನಿಮಿಷ ಮಾತಾಡಿದ್ರು. ಗುರು ಅಂತಾನೇ ಅಂದ್ರು" ಎಂದು ಅಪ್ಪ ಹೆಸರು ಬರೆದ ಫೋಟೋ ತೋರಿಸಿದರು. ಬಬಿತಕ್ಕ ಎರಡೂ ಕೈಯಲ್ಲಿ ಹಿಡಿದು ನೋಡಿ "ಪುಣ್ಯವಂತರು ನೀವು" ಎಂದರು. ಅಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂಥ ನಿಜವನ್ನು ಹೊತ್ತು ನಾನು ಮನೆಯ ಬೀಗ ತೆಗೆದೆ. ಹೆಂಡತಿಯೂ ಮಗಳೂ ಅಂಗಡಿಗೆ ಹೋಗಿದ್ದರು.

ಒಳಗೆ ಬಂದು ಅಪ್ಪ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ನೀರು ಕುಡಿದರು. ಆಮೇಲೆ, ತರಕಾರಿ ಬೆಲೆ ಕೇಳುವಷ್ಟು ಸಾಧಾರಣವಾದ ದನಿಯಲ್ಲಿ, "ಒಂದು ಕೇಳ್ತೀನಿ ಹೇಳು. ಅವರು ನಟರು, ನಗಿಸೋದು ಅವರ ಕಸುಬು. ಆ ಜನಕ್ಕೆ ನಾನು ಯಾರು ಅಂತ ಗೊತ್ತಿಲ್ಲ, ನಕ್ರು. ನೀನು ಯಾಕೋ ನಕ್ಕೆ?" ಎಂದರು.

"ಎಲ್ರೂ ನಕ್ರು ಅಂತ..." ಎಂದೆ.

"ಇಲ್ಲ. ನೀನು ಮೊದಲು ನಕ್ಕೆ. ಆಮೇಲೆ ಅವರು."

ನಾನು ಕುರ್ಚಿಯ ಮೇಲಿದ್ದ ಅಪ್ಪನ ಕೋಟನ್ನು ಎತ್ತಿ ಹ್ಯಾಂಗರಿಗೆ ಹಾಕಿದೆ. ಅಪ್ಪ ಇನ್ನೇನೂ ಕೇಳಲಿಲ್ಲ. ಇನ್ನೂ ಮೂರು ವಾರ ನಮ್ಮಲ್ಲಿದ್ದರು. ಮೊಮ್ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋದರು, ಕರಾಮದ ಹೋಟೆಲಿನ ಮಸಾಲೆದೋಸೆ ಮೈಸೂರಿನದಕ್ಕೆ ಸಮ ಇಲ್ಲ ಎಂದು ಬೈಯುತ್ತಲೇ ತಿಂದರು, ಬಂಧುಗಳಿಗೆಲ್ಲ ಪೌಡರ್ ಡಬ್ಬಿ, ಬಾದಾಮಿ ಕೊಂಡರು. ಆ ಶುಕ್ರವಾರದ ಮಾತೇ ಎತ್ತಲಿಲ್ಲ. ಊರಿಗೆ ಹೋದ ಮೇಲೆ ಯಾವುದೋ ಮದುವೆಯಲ್ಲಿ ಫೋಟೋ ನೋಡಿ ಶ್ಯಾಮಣ್ಣ ಮಾವ ಬಾಯಿ ಮುಚ್ಚಿಕೊಂಡನಂತೆ. ಪಂಕ್ತಿಯಲ್ಲಿ ಅಪ್ಪನನ್ನು ಮೊದಲ ಎಲೆಗೆ ಕೂರಿಸಿದನಂತೆ.

ನಾಲ್ಕೈದು ವರ್ಷದ ಮೇಲೆ ಆ ನಟ ತೀರಿಕೊಂಡ. ಪೇಪರುಗಳು ಪುಟಗಟ್ಟಲೆ ಬರೆದವು. ಮಾತು ಮರೆತಾಗ ಬಟ್ಟೆ ಮಡಿಸಿದ ಆ ಕಥೆ ಎಲ್ಲದರಲ್ಲೂ ಇತ್ತು; ಪ್ರತಿಭೆಯೆಂದರೆ ಇದು ಎಂದು ಒಬ್ಬ ಕೊಂಡಾಡಿದ್ದ. ಸಂಪಾದಕರಿಗೆ ಪತ್ರ ಬರೆಯಲು ಕೂತೆ. ನನ್ನ ತಾತ, ನನ್ನ ಅಪ್ಪ, ಹೋಟೆಲಿನ ವರಾಂಡ, ಎಲ್ಲ ಬರೆದೆ. ಓದಿ ನೋಡಿದರೆ ಅದು ಶ್ಯಾಮಣ್ಣ ಮಾವನ ಕಿವಿಗೆ ಕೇಳುತ್ತಿದ್ದಷ್ಟೇ ಸುಳ್ಳಾಗಿ ಕೇಳಿಸಿತು. ಹರಿದುಹಾಕಿದೆ. ನಿಮಗೆ ಹೇಳುತ್ತಿರುವುದು ಅದರ ಬದಲಿಗೆ.

ಮಿಸ್ಟರ್ ಪ್ರೈಸ್ ಆ ಹೊತ್ತಿಗೆ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋಗಿದ್ದರು. ಹೊಸ ಮ್ಯಾನೇಜರೂ ಇಂಗ್ಲಿಷಿನವನೇ, ಅವನೂ ಜೋಕುಗಾರ. ನಾನು ಮಾತ್ರ ಬದಲಾಗಿದ್ದೆ. ಯಾರಾದರೂ ಜೋಕು ಶುರುಮಾಡಿದರೆ, ಇದು ಯಾರ ಅಪ್ಪನ ವಿಷಯ ಎಂದು ಮೊದಲು ಯೋಚಿಸುತ್ತಿದ್ದೆ. ಯೋಚಿಸಿ ಮುಗಿಯುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿ ಕಾಫಿಗೆ ಎದ್ದಿರುತ್ತಿದ್ದರು. ಆ ಇಂಡಿಯನ್‌ಗೆ ಹಾಸ್ಯಪ್ರಜ್ಞೆಯೇ ಇಲ್ಲ ಎಂದು ಮ್ಯಾನೇಜರು ಯಾರ ಹತ್ತಿರವೋ ಅಂದನೆಂದು ಕುರಿಯನ್ ಬಂದು ಗುಟ್ಟಿನಲ್ಲಿ ಹೇಳಿದ. ನನಗೆ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಅವತ್ತೇ ಸಂಜೆ ಮೈಸೂರಿಗೆ ಫೋನು ಮಾಡಿದೆ.

"ಅಪ್ಪ, ನಾನೀಗ ಆಫೀಸಲ್ಲಿ ನಗೋದೇ ಬಿಟ್ಟಿದೀನಿ. ಏನು ಹೇಳಿದ್ರೂ ನಗಲ್ಲ" ಎಂದೆ.

 

"ಅಯ್ಯೋ ಪೆದ್ದೇ" ಎಂದರು ಅಪ್ಪ. "ನಗಬೇಡ ಅಂತ ನಾನೆಲ್ಲಿ ಅಂದೆ? ಯಾಕೆ ನಕ್ಕೆ ಅಂತ ತಾನೆ ಕೇಳಿದ್ದು. ಅದನ್ನ ನೀನಿನ್ನೂ ಹೇಳಿಲ್ಲ."